ಈಮ್: ಪ್ಲೇಗ್ ಬಂದಾಗ ಬಾಗಿಲು ಹಾಕಿಕೊಂಡ ಇಂಗ್ಲೆಂಡಿನ ಹಳ್ಳಿ – ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಶೆಫೀಲ್ಡ್‌ನಲ್ಲಿ. ಊರಿಂದ ನೆಂಟರು ಬಂದರೆ ಎಲ್ಲರಿಗೂ ಚಾಟ್ಸ್‌ವರ್ತ್ ಅರಮನೆ ನೋಡುವ ಆಸೆ. ಅದನ್ನು ತೋರಿಸಿ, ಬರುವಾಗ ಈಮ್‌ಗೆ ಕರೆದುಕೊಂಡು ಹೋಗುತ್ತೇನೆ. ಅರಮನೆಯ ಬಗ್ಗೆ ಆಮೇಲೆ ಯಾರೂ ಏನೂ ಕೇಳುವುದಿಲ್ಲ. ಈಮ್ ಬಗ್ಗೆ ಮಾತ್ರ ವಾಪಸ್ ಹೋದ ಮೇಲೂ ಫೋನ್ ಮಾಡಿ ಕೇಳುತ್ತಾರೆ. ಹತ್ತಾರು ಸಲ ಹೇಳಿದ ಉತ್ತರಗಳನ್ನು ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ.

## ಮೊದಲ ಸಲ ಕೇಳುವವರಿಗೆ

ಬೋರ್ಡಿನಲ್ಲಿ ‘ಇಯಾಮ್’ ಅಂತ ಇದೆ, ನೀವು ‘ಈಮ್’ ಅಂತೀರಿ. ಯಾವುದು ಸರಿ? ಊರು ಎಲ್ಲಿದೆ?

ಅಕ್ಷರ ನೋಡಿ ಓದಿದರೆ ‘ಇಯಾಮ್’ ಅನಿಸುತ್ತದೆ. ಊರಿನವರು ಹೇಳುವುದು ‘ಈಮ್’. ಇಂಗ್ಲೆಂಡಿನ ನಡುಭಾಗದ ಡರ್ಬಿಶೈರ್‌ನಲ್ಲಿ, ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳ ನಡುವೆ ಈ ಊರಿದೆ. ಶೆಫೀಲ್ಡ್‌ನಿಂದ ಸುಮಾರು 20 ಕಿಲೋಮೀಟರ್. ಜನಸಂಖ್ಯೆ ಸಾವಿರದ ಒಳಗೆ. ಒಂದೇ ಮುಖ್ಯ ಬೀದಿ, ಬೂದು ಕಲ್ಲಿನ ಮನೆಗಳು, ಹಿಂದೆ ಏರಿ ನಿಂತ ಗುಡ್ಡ.

ಅಷ್ಟು ಚಿಕ್ಕ ಊರಲ್ಲಿ ನೋಡೋಕೆ ಅಂಥದ್ದೇನಿದೆ?

1665ರ ಸೆಪ್ಟೆಂಬರ್‌ನಲ್ಲಿ ಈ ಊರಿಗೆ ಪ್ಲೇಗ್ ಬಂತು. ಮುಂದಿನ ಜೂನ್‌ನಲ್ಲಿ ಊರಿನ ಜನ ಸೇರಿ ಒಂದು ತೀರ್ಮಾನ ಮಾಡಿದರು: ನಾವು ಯಾರೂ ಹೊರಗೆ ಹೋಗುವುದಿಲ್ಲ, ಹೊರಗಿನವರು ಒಳಗೆ ಬರುವುದು ಬೇಡ. ಊರಿನ ಸುತ್ತ ಒಂದು ಗಡಿ ಗೊತ್ತುಮಾಡಿಕೊಂಡರು. ರೋಗ ಪಕ್ಕದ ಹಳ್ಳಿಗಳಿಗೆ ದಾಟಬಾರದು ಎನ್ನುವುದು ಉದ್ದೇಶ. 14 ತಿಂಗಳಲ್ಲಿ ಸುಮಾರು 260 ಜನ ಸತ್ತರು.

ಆ ಮನೆಗಳು ಇನ್ನೂ ಇವೆ, ಅವುಗಳಲ್ಲಿ ಜನ ಇವತ್ತಿಗೂ ಸಂಸಾರ ಮಾಡಿಕೊಂಡಿದ್ದಾರೆ. ಗೇಟಿನ ಹತ್ತಿರ ಹಸಿರು ಫಲಕ ಇರುತ್ತದೆ. ಆ ಮನೆಯಲ್ಲಿ ಯಾರಿದ್ದರು, ಯಾವ ದಿನ ತೀರಿಕೊಂಡರು ಅಂತ ಹೆಸರು ಹೆಸರಾಗಿ ಬರೆದಿರುತ್ತಾರೆ. 260 ಅನ್ನುವ ಸಂಖ್ಯೆ ತಟ್ಟನೆ ಮರೆತುಹೋಗುತ್ತದೆ. ಆದರೆ ಒಂದೇ ಮನೆಯ ಮುಂದೆ ನಿಂತು ಅಪ್ಪ, ಅಮ್ಮ, ಮಕ್ಕಳು ಅಂತ ಒಂದೊಂದೇ ಹೆಸರು ಓದಿ ನೋಡಿ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಈ ಊರಲ್ಲಿ ನಿಧಾನವಾಗಿ ನಡೀರಿ ಅಂತ.

ಬಟ್ಟೆ ಗಂಟಿನಲ್ಲಿ ರೋಗ ಬಂತು ಅಂತಾರಲ್ಲ, ಅದು ಹೇಗೆ?

ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡ್ ಅನ್ನುವ ದರ್ಜಿಯ ಮನೆಗೆ ಲಂಡನ್‌ನಿಂದ ಬಟ್ಟೆ ಬಂತು. ಆ ವರ್ಷ ಲಂಡನ್‌ನಲ್ಲಿ ಪ್ಲೇಗ್ ಜೋರಾಗಿತ್ತು. ಬಟ್ಟೆ ತೇವವಾಗಿದೆ ಅಂತ ದರ್ಜಿಯ ಸಹಾಯಕ ಜಾರ್ಜ್ ವಿಕರ್ಸ್ ಅದನ್ನು ಬಿಚ್ಚಿ ಬೆಂಕಿಯ ಮುಂದೆ ಹರಡಿದ. ಬಟ್ಟೆಯೊಳಗೆ ಚಿಗಟಗಳಿದ್ದವು ಎಂದು ಹೇಳುತ್ತಾರೆ. ಕೆಲವೇ ದಿನಗಳಲ್ಲಿ ವಿಕರ್ಸ್ ಸತ್ತ. 1665ರ ಸೆಪ್ಟೆಂಬರ್ 7ರಂದು ಅವನನ್ನು ಹೂತರು. ಅದೇ ತಿಂಗಳು ಮನೆಯ ಚಿಕ್ಕ ಹುಡುಗ ಎಡ್ವರ್ಡ್ ಕೂಪರ್ ಹೋದ. ಆಮೇಲೆ ಅವನ ಅಣ್ಣ ಜೊನಾಥನ್. ಮರು ವರ್ಷ ದರ್ಜಿಯೂ ಹೋದ. ಹುಡುಗರ ತಾಯಿ ಮೇರಿ ಬದುಕಿ ಉಳಿದಳು. ಬಂಧುಬಳಗದಲ್ಲಿ 13 ಜನರನ್ನು ಆಕೆ ಕಳೆದುಕೊಂಡಿದ್ದಳು.

ಆ ಮನೆ ಚರ್ಚ್ ಪಕ್ಕದಲ್ಲೇ ಇದೆ. ಅದಕ್ಕೆ ಪ್ಲೇಗ್ ಕಾಟೇಜ್ ಎಂದೇ ಹೆಸರು.

## ಸುತ್ತಾಡಲು ಹೊರಟವರಿಗೆ

ನಮಗೆ ಅರ್ಧ ದಿನ ಮಾತ್ರ ಇದೆ. ಎಲ್ಲಿಂದ ಶುರು ಮಾಡಬೇಕು?

ಊರಿನ ಪಡುವಣ ತುದಿಯಲ್ಲಿ ಹಾಕ್‌ಹಿಲ್ ರಸ್ತೆ ಇದೆ. ಕಾರು ಅಲ್ಲಿ ನಿಲ್ಲಿಸಿ. ಎದುರಿಗೇ ಮ್ಯೂಸಿಯಂ. ಹಳೆಯ ಮೆಥಡಿಸ್ಟ್ ಚಾಪೆಲ್ ಕಟ್ಟಡದಲ್ಲಿ 1994ರಲ್ಲಿ ಶುರುವಾದದ್ದು. ಮಾಡಿನ ಮೇಲಿನ ಗಾಳಿಸೂಚಿ ಇಲಿಯ ಆಕಾರದಲ್ಲಿದೆ, ಮಕ್ಕಳಿಗೆ ತೋರಿಸಿ. ಮೊದಲು ಮ್ಯೂಸಿಯಂ ನೋಡಿಕೊಂಡರೆ ಮುಂದೆ ಬೀದಿಯಲ್ಲಿ ಕಾಣುವ ಹೆಸರುಗಳು ಗುರುತು ಸಿಗುತ್ತವೆ.

ಅಲ್ಲಿಂದ ಮೂಡಣಕ್ಕೆ ನಡೆಯುತ್ತಾ ಬನ್ನಿ. ಈಮ್ ಹಾಲ್ ಎನ್ನುವ ದೊಡ್ಡ ಮನೆ ಸಿಗುತ್ತದೆ. ಪ್ಲೇಗ್ ಮುಗಿದು ಐದಾರು ವರ್ಷಕ್ಕೆ ಕಟ್ಟಿದ್ದು. ಮುಂದೆ ಪ್ಲೇಗ್ ಕಾಟೇಜ್‌ಗಳು, ಚರ್ಚ್, ಆಮೇಲೆ ಊರ ಚೌಕ. ಚೌಕದಿಂದ ಲಿಡ್‌ಗೇಟ್ ಎಂಬ ಓಣಿ ಹಿಡಿದರೆ ಎರಡು ಗೋರಿಗಳು ಸಿಗುತ್ತವೆ. ಜಾರ್ಜ್ ಡಾರ್ಬಿ ಮತ್ತು ಮೇರಿ ಡಾರ್ಬಿ ಅಂತ. ಅವನು 1666ರ ಜುಲೈನಲ್ಲಿ, ಆಕೆ ಸೆಪ್ಟೆಂಬರ್‌ನಲ್ಲಿ. ಅದೇ ದಾರಿ ಮುಂದೆ ಹೊಲಗಳ ನಡುವೆ ಗಡಿಕಲ್ಲಿಗೆ ಹೋಗುತ್ತದೆ. ಅರ್ಧ ದಿನಕ್ಕೆ ಇಷ್ಟು ಸಾಕು, ಜಾಸ್ತಿ ತುರುಕಬೇಡಿ.

ಗಡಿಕಲ್ಲಿನಲ್ಲಿ ತೂತುಗಳಿವೆಯಲ್ಲ, ಯಾತಕ್ಕೆ?

ಈಮ್ ಮತ್ತು ಪಕ್ಕದ ಸ್ಟೋನಿ ಮಿಡಲ್ಟನ್ ಹಳ್ಳಿಯ ನಡುವೆ ಈ ಕಲ್ಲಿದೆ. ಹೊರಗಿನವರು ಹಿಟ್ಟು, ದಿನಸಿ, ಔಷಧಿ ತಂದು ಇಲ್ಲಿ ಇಟ್ಟು ಹೋಗುತ್ತಿದ್ದರು. ಅವರು ಹೋದ ಮೇಲೆ ಊರಿನವರು ಬಂದು ಎತ್ತಿಕೊಳ್ಳುತ್ತಿದ್ದರು. ದುಡ್ಡು ಕೈಯಿಂದ ಕೈಗೆ ಹೋಗಬಾರದಲ್ಲ, ಅದಕ್ಕೆ ಈ ತೂತುಗಳು. ತೂತಿಗೆ ವಿನೆಗರ್ ಸುರಿದು ಅದರೊಳಗೆ ನಾಣ್ಯ ಹಾಕುತ್ತಿದ್ದರು. ಹುಳಿಗೆ ರೋಗದ ವಿಷ ಸಾಯುತ್ತದೆ ಎನ್ನುವುದು ಅವರ ನಂಬಿಕೆ.

ನೋಡಲು ದೊಡ್ಡ ಬಂಡೆಯೇನಲ್ಲ. ಒರಟು ಮರಳುಗಲ್ಲು, ಮೇಲೆ ಆರು ತೂತು. ಮೈಯೆಲ್ಲ ತರಿತರಿ, ತೂತಿನ ಬಾಯಿ ಮಾತ್ರ ನುಣುಪು. ತಲೆಮಾರುಗಳಿಂದ ಮಕ್ಕಳು ಬೆರಳು ಹಾಕಿ ಹಾಕಿ ಸವೆದಿದೆ. ಹೋದ ಸಲ ಅಮ್ಮ ಬಂದಾಗ ಹಿಂದಿನ ರಾತ್ರಿ ಮಳೆಯಾಗಿತ್ತು. ಎಲ್ಲ ತೂತುಗಳಲ್ಲೂ ನೀರು ನಿಂತಿತ್ತು, ಒಂದರ ತಳದಲ್ಲಿ ಯಾರೋ ಹಾಕಿ ಹೋದ ಒಂದು ಪೆನ್ನಿ ನಾಣ್ಯ. ಅಮ್ಮ ಬೆರಳದ್ದಿ ತೆಗೆದು, ‘ತುಂಬಾ ತಣ್ಣಗಿದೆ ಕಣೆ’ ಅಂದರು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು ಸ್ಟೋನಿ ಮಿಡಲ್ಟನ್ ಕಡೆ ನೋಡುತ್ತಾ ಬಹಳ ಹೊತ್ತು ನಿಂತರು. ಅಲ್ಲಿಂದ ಆ ಹಳ್ಳಿ ಕೂಗಿದರೆ ಕೇಳುವಷ್ಟು ಹತ್ತಿರ ಅನಿಸುತ್ತದೆ.

ಊರ ಮೇಲಿನ ಗುಡ್ಡದಲ್ಲಿ ಮಾಂಪೆಸನ್ ಬಾವಿ ಅಂತ ಇದೆ. ಮಾಂಪೆಸನ್ ಅಂದರೆ ಪ್ಲೇಗ್ ಕಾಲದಲ್ಲಿ ಊರಿನ ಪಾದ್ರಿ. ಅದೂ ಹೀಗೇ ಸಾಮಾನು ಇಡುತ್ತಿದ್ದ ಜಾಗ. ಹೆಸರು ಬಾವಿ, ಇರುವುದು ಒರತೆ. ಏರು ಜಾಸ್ತಿ, ಮಂಡಿನೋವಿನವರು ಅದನ್ನು ಬಿಡಬಹುದು.

ಚರ್ಚ್ ಒಳಗೆ ನಾವು ಹೋಗಬಹುದಾ? ಏನು ನೋಡಬೇಕು?

ಯಾರು ಬೇಕಾದರೂ ಹೋಗಬಹುದು, ಪ್ರಾರ್ಥನೆ ನಡೆಯುತ್ತಿದ್ದರೆ ಮುಗಿಯುವ ತನಕ ಕಾದರೆ ಒಳ್ಳೆಯದು. ಸಂತ ಲಾರೆನ್ಸ್ ಹೆಸರಿನ ಚರ್ಚ್ ಇದು. ಸತ್ತವರ ಹೆಸರುಗಳ ಪಟ್ಟಿ, ಪಾದ್ರಿ ಮಾಂಪೆಸನ್ ಅವರದೆಂದು ಹೇಳುವ ಕುರ್ಚಿ ಒಳಗಿವೆ. 1985ರಲ್ಲಿ ಕೂರಿಸಿದ ಬಣ್ಣದ ಗಾಜಿನ ಕಿಟಕಿಯಲ್ಲಿ ಪ್ಲೇಗಿನ ಕಥೆ ಇದೆ.

ಹೊರಗಿನ ಅಂಗಳದಲ್ಲಿ ಇನ್ನೂ ಜಾಸ್ತಿ ಇದೆ. ಎಂಟನೇ ಶತಮಾನದ ಕಲ್ಲಿನ ಶಿಲುಬೆಯ ಮೇಲೆ ದೇವದೂತರು, ಬಳ್ಳಿ ಸುರುಳಿಗಳು ಕಾಣುತ್ತವೆ. ಕಂಬದ ಒಂದು ತುಂಡು ಎಂದೋ ಕಳೆದುಹೋಗಿದೆ, ಅದಕ್ಕೇ ಅದು ಸ್ವಲ್ಪ ಮೋಟಾಗಿ ಕಾಣುವುದು. ಅದರ ಹತ್ತಿರವೇ ಪಾದ್ರಿಯ ಹೆಂಡತಿ ಕ್ಯಾಥರಿನ್ ಗೋರಿ. ಚರ್ಚ್ ಗೋಡೆಯಲ್ಲಿ 1775ರ ನೆರಳು ಗಡಿಯಾರ ಇದೆ. ಊರಿನ ಹೊತ್ತು ಒಂದೇ ಅಲ್ಲ, ದೂರದೂರದ ಊರುಗಳ ಹೆಸರನ್ನೂ ಅದರಲ್ಲಿ ಕೊರೆದಿದ್ದಾರೆ.

ಕ್ರಿಕೆಟ್ ಹುಚ್ಚಿನವರು ಜೊತೆಗಿದ್ದರೆ ಹ್ಯಾರಿ ಬ್ಯಾಗ್‌ಷಾ ಅವರ ಗೋರಿ ಹುಡುಕಿಸಿ. ಡರ್ಬಿಶೈರ್‌ಗೆ ಆಡಿದವರು, ಆಮೇಲೆ ಅಂಪೈರ್ ಆದವರು, 1927ರಲ್ಲಿ ತೀರಿಕೊಂಡರು. ಕಲ್ಲಿನ ಮೇಲೆ ಚೆಂಡು ಬಡಿದು ಬೇಲ್ಸ್ ಹಾರುತ್ತಿರುವ ಚಿತ್ರ. ತುದಿಯಲ್ಲಿ ಅಂಪೈರ್ ಕೈ, ಬೆರಳು ಮೇಲಕ್ಕೆ.

ರೈಲಿ ಗೋರಿಗಳಿಗೆ ಹೋಗಲೇಬೇಕಾ? ಮಕ್ಕಳು ಹೆದರಲ್ವಾ?

ಹೆದರುವಂಥದ್ದು ಏನೂ ಇಲ್ಲ. ಊರಿನ ಮೂಡಣಕ್ಕೆ ಅರ್ಧ ಮೈಲಿಯಷ್ಟು ನಡೆದರೆ ಇಳಿಜಾರು ಹುಲ್ಲುಗಾವಲು. ನಡುವೆ ಒಂದು ದುಂಡನೆಯ ಕಲ್ಲು ಗೋಡೆ, ಒಳಗೆ ಗೋರಿಕಲ್ಲುಗಳು. ಈಗ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತದೆ.

ಇದು ಹ್ಯಾನ್‌ಕಾಕ್ ಮನೆಯವರ ಜಾಗ. 1666ರ ಆಗಸ್ಟ್‌ನಲ್ಲಿ ಎಂಟು ದಿನದೊಳಗೆ ಎಲಿಜಬೆತ್ ಹ್ಯಾನ್‌ಕಾಕ್ ತನ್ನ ಗಂಡನನ್ನೂ ಆರು ಮಕ್ಕಳನ್ನೂ ಇಲ್ಲಿ ಹೂತಳು. ಸತ್ತವರನ್ನು ಅವರವರ ಮನೆಯವರೇ ತಮ್ಮ ಜಮೀನಿನಲ್ಲಿ ಹೂಳಬೇಕೆಂದು ಊರು ತೀರ್ಮಾನಿಸಿತ್ತು. ಗುಂಡಿ ತೋಡಿದ್ದೂ ಆಕೆಯೇ, ಹೆಣ ಎಳೆದು ತಂದದ್ದೂ ಆಕೆಯೇ. ಸ್ಟೋನಿ ಮಿಡಲ್ಟನ್‌ನವರು ಎದುರು ಗುಡ್ಡದಿಂದ ನೋಡುತ್ತಿದ್ದರಂತೆ. ಬರುವ ಹಾಗಿಲ್ಲವಲ್ಲ.

ನಾನು ಹೋದಾಗಲೆಲ್ಲ ಅಲ್ಲಿ ಗಾಳಿ ಜೋರಾಗಿ ಬೀಸುತ್ತಿತ್ತು. ಗೋಡೆಯ ಹೊರಗೆ ಕುರಿ ಮೇಯುತ್ತಿರುತ್ತವೆ. ಊರಲ್ಲಿ ಒಂದೇ ಜಾಗ ನೋಡಲು ಹೊತ್ತಿದೆ ಎಂದರೆ ಇದನ್ನೇ ನೋಡಿ.

ಯಾವ ತಿಂಗಳು ಒಳ್ಳೆಯದು? ಬಸ್ಸು, ರೈಲು ಇದೆಯಾ?

ಮೇ ಮತ್ತು ಸೆಪ್ಟೆಂಬರ್ ಚೆನ್ನ. ಮ್ಯೂಸಿಯಂ ಚಳಿಗಾಲದಲ್ಲಿ ಮುಚ್ಚಿರುತ್ತದೆ, ಹೊರಡುವ ಮೊದಲು ವೇಳೆ ನೋಡಿಕೊಳ್ಳಿ. ಊರಲ್ಲಿ ರೈಲು ನಿಲ್ದಾಣ ಇಲ್ಲ. ಶೆಫೀಲ್ಡ್–ಮ್ಯಾಂಚೆಸ್ಟರ್ ದಾರಿಯಲ್ಲಿ ಬರುವ ಗ್ರಿಂಡಲ್‌ಫೋರ್ಡ್ ಹತ್ತಿರದ್ದು, ಅಲ್ಲಿಂದ ಸುಮಾರು ಮೂರು ಮೈಲಿ ಏರುದಾರಿ. ಬಸ್ಸುಗಳು ವಿರಳ. ನೀರು ಹಿಡಿಯದ ಶೂ ಬೇಕೇ ಬೇಕು, ಹೊಲದ ಕಾಲುದಾರಿಗಳಲ್ಲಿ ಕೆಸರು.

ಆಗಸ್ಟ್ ಕೊನೆಯ ಭಾನುವಾರ ‘ಪ್ಲೇಗ್ ಸಂಡೇ’. ಚರ್ಚಿನಿಂದ ಜನ ಮೆರವಣಿಗೆಯಲ್ಲಿ ಕಕ್‌ಲೆಟ್ ಡೆಲ್ಫ್ ಎನ್ನುವ ಕಮರಿಗೆ ಹೋಗಿ ಪ್ರಾರ್ಥನೆ ಮಾಡುತ್ತಾರೆ. 1666ರಲ್ಲಿ ಚರ್ಚ್ ಮುಚ್ಚಿ, ಒಬ್ಬರಿಗೊಬ್ಬರು ದೂರ ನಿಂತು ಪ್ರಾರ್ಥನೆ ಮಾಡಿದ್ದು ಅಲ್ಲೇ. ಅದೇ ಹೊತ್ತಿಗೆ ಊರಿನ ನೀರಿನ ಜಾಗಗಳನ್ನು ಸಿಂಗರಿಸುತ್ತಾರೆ. ಹಲಗೆಗೆ ಹಸಿ ಜೇಡಿ ಮೆತ್ತಿ, ಅದರ ಮೇಲೆ ಒಂದೊಂದೇ ಹೂವಿನ ಎಸಳು ಒತ್ತಿ ಚಿತ್ರ ಮಾಡುವುದು. ಎಸಳಿನ ಮೇಲೆ ಎಸಳು, ಹಂಚು ಹೊದಿಸಿದ ಹಾಗೆ. ಹೂವಿನ ರಂಗೋಲಿ ಹಾಕಿ ಗೊತ್ತಿರುವವರು ಇದರ ಮುಂದಿನಿಂದ ಬೇಗ ಕದಲುವುದಿಲ್ಲ.

ಪ್ಲೇಗ್ ಬಿಟ್ಟರೆ ಆ ಊರಿಗೆ ಬೇರೆ ಚರಿತ್ರೆ ಇಲ್ವಾ?

ಇದೆ. ಶತಮಾನಗಳ ಕಾಲ ಇದು ಸೀಸದ ಗಣಿಗಳ ಊರು. ಇಲ್ಲಿನ ಹಳೆಯ ಪಬ್‌ನ ಹೆಸರು ‘ಮೈನರ್ಸ್ ಆರ್ಮ್ಸ್’. ತಪ್ಪು ಮಾಡಿದವರನ್ನು ಕಾಲು ಸಿಕ್ಕಿಸಿ ಕೂರಿಸುತ್ತಿದ್ದ ಮರದ ಹಲಗೆ ಈಮ್ ಹಾಲ್ ಎದುರಿನ ಹುಲ್ಲಿನಲ್ಲಿ ಇದೆ. 1742ರಲ್ಲಿ ಇಲ್ಲಿ ಹುಟ್ಟಿದ ಆನಾ ಸೆವಾರ್ಡ್ ಮುಂದೆ ಹೆಸರಾಂತ ಕವಿಯಾದರು.

ನನಗೆ ಇಷ್ಟ ಬೀದಿ ಬದಿಯ ಕಲ್ಲು ತೊಟ್ಟಿಗಳು. 1588ರಲ್ಲಿ ಗುಡ್ಡದ ಒರತೆಯಿಂದ ಕೊಳವೆಯಲ್ಲಿ ನೀರು ತಂದು ಊರಿನ ಉದ್ದಕ್ಕೂ ತೊಟ್ಟಿ ಇಟ್ಟರು. ಹಳ್ಳಿಯೊಂದು ಎಲ್ಲರಿಗೂ ಅಂತ ನೀರು ಹರಿಸಿಕೊಂಡದ್ದರಲ್ಲಿ ಇದು ದೇಶದಲ್ಲೇ ಬಹಳ ಮೊದಲಿನದೆಂದು ಊರಿನವರಿಗೆ ಹೆಮ್ಮೆ.

## ಇನ್ನೂ ಕೆದಕಿ ಕೇಳುವವರಿಗೆ

ನಮ್ಮ ಕಡೆ ಪ್ಲೇಗ್ ಬಂದರೆ ಊರು ಬಿಟ್ಟು ಹೋಗ್ತಿದ್ರು. ಇವರು ಯಾಕೆ ಒಳಗೇ ಉಳಿದರು?

ಕನ್ನಡದವರು ಮಾತ್ರ ಕೇಳುವ ಪ್ರಶ್ನೆ ಇದು, ನನಗೆ ತುಂಬಾ ಇಷ್ಟದ್ದು. ನಮ್ಮ ಅಜ್ಜಿಯರ ಬಾಯಲ್ಲಿ ಪ್ಲೇಗ್ ಎಂದರೆ ಇಲಿ ಬಿತ್ತು, ಮನೆ ಬಿಟ್ಟರು, ತೋಟದಲ್ಲಿ ಗುಡಿಸಲು ಹಾಕಿದರು ಅಂತಲೇ ಕಥೆ. ಬೆಂಗಳೂರಿಗೆ 1898ರಲ್ಲಿ ಪ್ಲೇಗ್ ಬಂತು. ಇಕ್ಕಟ್ಟಿನ ಪೇಟೆ ಬಿಟ್ಟು ಜನ ಮಲ್ಲೇಶ್ವರ, ಬಸವನಗುಡಿಗೆ ಹೋಗಿ ನೆಲೆಸಲು ಅದೊಂದು ದೊಡ್ಡ ಕಾರಣ. ಪ್ಲೇಗ್ ಮಾರಮ್ಮನ ಗುಡಿಗಳು ಎದ್ದದ್ದೂ ಆಗಲೇ.

ಈಮ್‌ನಲ್ಲೂ ಮೊದಮೊದಲು ಅನುಕೂಲಸ್ಥರು ಕೆಲವರು ಊರು ಬಿಟ್ಟರು. ಇನ್ನು ಕೆಲವರು ಊರ ಪಕ್ಕದ ಕಮರಿಯಲ್ಲಿ ಗುಡಿಸಲು ಹಾಕಿಕೊಂಡರು. ಅಂದರೆ ನಮ್ಮವರಿಗೆ ಹೊಳೆದದ್ದು ಅವರಿಗೂ ಹೊಳೆದಿತ್ತು. ಆದರೆ ಬಡ ಗಣಿ ಕೆಲಸದವರು ಹೋಗುವುದೆಲ್ಲಿಗೆ? ಪ್ಲೇಗಿನ ಊರಿನವರು ಅಂದರೆ ಯಾರೂ ಸೇರಿಸುತ್ತಿರಲಿಲ್ಲ. ಟೈಡ್ಸ್‌ವೆಲ್ ಸಂತೆಗೆ ಹೋದ ಈಮ್ ಹೆಂಗಸೊಬ್ಬಳನ್ನು ಗುರುತು ಹಿಡಿದು, ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದು ಓಡಿಸಿದರು ಎಂದು ಊರ ಕಥೆ.

ಇಷ್ಟಾದರೂ, ತಪ್ಪಿಸಿಕೊಂಡು ಓಡಿಹೋಗಲು ಗುಡ್ಡದ ತುಂಬಾ ದಾರಿಗಳಿದ್ದವು. ಬಹುಪಾಲು ಜನ ಓಡಲಿಲ್ಲ. ಬೇರೆ ದಾರಿ ಇರಲಿಲ್ಲ, ಅದಕ್ಕೇ ಉಳಿದರು ಎಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ ಅಂತ ನನ್ನ ಅಭಿಪ್ರಾಯ.

ಜನರನ್ನು ಒಪ್ಪಿಸಿದ್ದು ಪಾದ್ರಿ ಮಾಂಪೆಸನ್ ಒಬ್ಬರೇನಾ?

ಅಲ್ಲ. ಥಾಮಸ್ ಸ್ಟ್ಯಾನ್ಲಿ ಹೆಸರನ್ನು ಬಿಟ್ಟು ಈ ಕಥೆ ಹೇಳಿದರೆ ನನಗೆ ಬೇಜಾರಾಗುತ್ತದೆ. ವಿಲಿಯಂ ಮಾಂಪೆಸನ್ 1664ರಲ್ಲಿ ಬಂದ ಹೊಸಬರು, ಇನ್ನೂ ಎಳೆ ವಯಸ್ಸು. ಜನ ಅವರನ್ನು ಪೂರ್ತಿ ನಂಬಿರಲಿಲ್ಲ. ಸ್ಟ್ಯಾನ್ಲಿ ಹಳೆಯ ಪಾದ್ರಿ, ಪ್ಯೂರಿಟನ್ ಪಂಥದವರು. ರಾಜ ಹೊರಡಿಸಿದ ಪ್ರಾರ್ಥನಾ ಪುಸ್ತಕವನ್ನು ಒಪ್ಪದ ಕಾರಣಕ್ಕೆ ಕೆಲಸ ಕಳೆದುಕೊಂಡಿದ್ದರು. ಊರಿನ ಮನಸ್ಸು ಮಾತ್ರ ಅವರ ಕಡೆಗೇ ಇತ್ತು.

ಧರ್ಮದ ವಿಷಯದಲ್ಲಿ ಇಬ್ಬರಿಗೂ ಆಗದು. ಆದರೂ 1666ರ ಜೂನ್‌ನಲ್ಲಿ ಒಟ್ಟಿಗೆ ನಿಂತು ಜನರ ಮುಂದೆ ಮಾತಾಡಿದರು. ಊಟದ ಸಾಮಾನು ಕಳಿಸುವ ಭಾರವನ್ನು ಚಾಟ್ಸ್‌ವರ್ತ್‌ನ ಡೆವನ್‌ಶೈರ್ ಅರ್ಲ್ ವಹಿಸಿಕೊಂಡರು. ಸ್ಟ್ಯಾನ್ಲಿ ಜೊತೆಗಿಲ್ಲದಿದ್ದರೆ ಊರು ಮಾಂಪೆಸನ್ ಮಾತು ಕೇಳುತ್ತಿತ್ತಾ? ನನಗಂತೂ ಅನುಮಾನ.

ಮಾಂಪೆಸನ್ ತಮ್ಮ ಮಕ್ಕಳನ್ನು ಮಾತ್ರ ಹೊರಗೆ ಕಳಿಸಿದರಂತೆ. ಅದು ಮೋಸ ಅಲ್ವಾ?

ಕಳಿಸಿದ್ದು ನಿಜ. ಇಬ್ಬರು ಮಕ್ಕಳೂ ಊರ ಬಾಗಿಲು ಮುಚ್ಚುವ ತೀರ್ಮಾನಕ್ಕೆ ಮೊದಲೇ ಹೊರಗೆ ಹೋದರು. ಆ ಅವಕಾಶ ಎಲ್ಲರಿಗೂ ಇರಲಿಲ್ಲ ಎನ್ನುವ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹೆಂಡತಿ ಕ್ಯಾಥರಿನ್‌ಗೂ ಹೋಗು ಎಂದರಂತೆ. ಆಕೆ ಒಪ್ಪಲಿಲ್ಲ. ಗಂಡನ ಜೊತೆ ರೋಗಿಗಳ ಮನೆಗೆ ಹೋಗುತ್ತಲೇ ಇದ್ದು, 1666ರ ಆಗಸ್ಟ್ 25ರಂದು ತೀರಿಕೊಂಡರು.

350 ಜನರಲ್ಲಿ 260 ಸತ್ತರು ಅಂತ ಓದಿದ್ದೆ. ಸರಿಯಾ?

260ರ ಆಸುಪಾಸಿನ ಲೆಕ್ಕ ಗಟ್ಟಿ. 76 ಮನೆಗಳಲ್ಲಿ 259 ಜನ ಸತ್ತರೆಂದು ಮಾಂಪೆಸನ್ ಅವರೇ ಪತ್ರದಲ್ಲಿ ಬರೆದಿದ್ದಾರೆ. 350 ಎನ್ನುವುದು ಹಳೆಯ ಊಹೆ. ಚರ್ಚ್ ದಾಖಲೆ, ತೆರಿಗೆ ಪಟ್ಟಿಗಳನ್ನು ಮತ್ತೆ ಕೂಡಿ ನೋಡಿದವರು ಊರಿನಲ್ಲಿ ಸುಮಾರು 700 ಜನ ಇದ್ದರೆಂದು ಹೇಳುತ್ತಾರೆ. ಅಂದರೆ ಮೂವರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ.

ಇಲಿಗಳಿಂದ ಹರಡಿದ್ದಾದರೆ, ಜನರನ್ನು ಕೂಡಿ ಹಾಕಿ ಏನು ಉಪಯೋಗ?

ಒಳ್ಳೆಯ ಪ್ರಶ್ನೆ. ಇಲಿ ಗಡಿಕಲ್ಲು ನೋಡಿ ನಿಲ್ಲುವುದಿಲ್ಲ. ಆದರೆ ಯಾರ ನಂತರ ಯಾರು ಸತ್ತರು ಎನ್ನುವುದು ಈಮ್‌ನಲ್ಲಿ ದಿನಾಂಕ ಸಮೇತ ಸಿಗುತ್ತದೆ. ಆ ಪಟ್ಟಿಯನ್ನೇ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2016ರಲ್ಲಿ ಬಂತು. ಅದರ ಪ್ರಕಾರ ಮುಕ್ಕಾಲು ಭಾಗದಷ್ಟು ಸೋಂಕು ಮನುಷ್ಯರಿಂದ ಮನುಷ್ಯರಿಗೇ ಹೋಗಿದೆ, ಅದರಲ್ಲೂ ಮನೆಯೊಳಗೇ. ಮೈಮೇಲಿನ ಹೇನು, ಚಿಗಟ, ಕೆಮ್ಮು ಇವೆಲ್ಲ ಕಾರಣ ಇರಬಹುದು. ಹಾಗಿದ್ದರೆ ಓಡಾಟ ನಿಲ್ಲಿಸಿದ್ದು ಸುಮ್ನೆ ಆಗಲಿಲ್ಲ. ಸುತ್ತಲ ಹಳ್ಳಿಗಳಿಗೆ ರೋಗ ಹಬ್ಬಲಿಲ್ಲ.

ಅದರ ಬೆಲೆ ತೆತ್ತವರು ಒಳಗಿದ್ದವರು. ಆರೋಗ್ಯವಾಗಿದ್ದವರೂ ರೋಗಿಗಳ ಜೊತೆ ಒಂದೇ ಸೂರಿನಡಿ ಉಳಿದರು.

ಎಮ್ಮೊಟ್ ಮತ್ತು ರೋಲೆಂಡ್ ಪ್ರೇಮಕಥೆ ನಿಜವಾಗಿ ನಡೆದದ್ದಾ?

ಎಮ್ಮೊಟ್ ಸಿಡಾಲ್ ನಿಜವಾಗಿ ಇದ್ದವಳು. ಅವಳ ಅಪ್ಪ, ಒಡಹುಟ್ಟಿದವರು 1665ರಲ್ಲೇ ಸತ್ತರು. ಅವಳು 1666ರ ಏಪ್ರಿಲ್ ಕೊನೆಗೆ ಸತ್ತಳು. ಸ್ಟೋನಿ ಮಿಡಲ್ಟನ್‌ನ ರೋಲೆಂಡ್ ಟಾರ್ ಅವಳನ್ನು ಮದುವೆಯಾಗಬೇಕಿತ್ತು. ಇಬ್ಬರೂ ಕಮರಿಯ ಆಚೆ ಈಚೆ ನಿಂತು, ಮಾತಿಲ್ಲದೆ ನೋಡಿಕೊಂಡು ಹೋಗುತ್ತಿದ್ದರಂತೆ. ಒಂದು ದಿನ ಅವಳು ಬರಲಿಲ್ಲ. ಅವನು ತಿಂಗಳುಗಟ್ಟಲೆ ಬಂದು ನಿಲ್ಲುತ್ತಿದ್ದ. ಊರು ತೆರೆದಾಗ ಮೊದಲು ಓಡಿ ಬಂದವನು ಅವನೇ. ರೋಲೆಂಡ್‌ನ ಭಾಗ ಜನರ ಬಾಯಿಂದ ಬಂದ ಕಥೆ.

ಹಾಗೆಯೇ ‘ರಿಂಗ ರಿಂಗಾ ರೋಸಸ್’ ಪದ್ಯ ಈ ಪ್ಲೇಗಿನಿಂದ ಹುಟ್ಟಿತು ಎನ್ನುವ ಮಾತನ್ನು ಜಾನಪದ ಬಲ್ಲವರು ಒಪ್ಪುವುದಿಲ್ಲ. ಮಕ್ಕಳಿಗೆ ಹೇಳುವಾಗ ಅದನ್ನು ಬಿಟ್ಟುಬಿಡಿ.

ರೋಗ ತಗುಲಿಯೂ ಬದುಕಿದವರು ಇದ್ದರಾ?

ಇದ್ದರು. ಮಾರ್ಷಲ್ ಹೌ ಎನ್ನುವವನು ರೋಗ ತಗುಲಿ ಗುಣವಾದ. ಇನ್ನು ತನಗೆ ಬರುವುದಿಲ್ಲವೆಂದು ಧೈರ್ಯ ಮಾಡಿ, ಹೂಳಲು ಯಾರೂ ಉಳಿಯದ ಮನೆಗಳ ಹೆಣಗಳನ್ನು ಹೂಳುವ ಕೆಲಸ ಹಿಡಿದ. ಕೂಲಿಯಾಗಿ ಸತ್ತವರ ಸಾಮಾನು ತೆಗೆದುಕೊಳ್ಳುತ್ತಿದ್ದ. ಅವನಿಗೇನೂ ಆಗಲಿಲ್ಲ, ಅವನ ಹೆಂಡತಿ ಮತ್ತು ಮಗ ಸತ್ತರು. ಆಮೇಲೆ ತಲೆಮಾರುಗಳ ತನಕ ಈಮ್‌ನ ತಾಯಂದಿರು ಹಟ ಮಾಡುವ ಮಕ್ಕಳಿಗೆ ‘ಮಾರ್ಷಲ್ ಹೌ ಬರ್ತಾನೆ’ ಅಂತ ಹೆದರಿಸುತ್ತಿದ್ದರಂತೆ.

ಎಲ್ಲ ಮುಗಿದ ಮೇಲೆ ಪಾದ್ರಿಗಳಿಬ್ಬರೂ ಏನಾದರು?

ಕೊನೆಯ ಸಾವು 1666ರ ನವೆಂಬರ್ 1ರಂದು, ಅಬ್ರಹಾಂ ಮಾರ್ಟನ್ ಎನ್ನುವವನದು. ಆಮೇಲೆ ಬಟ್ಟೆ, ಹಾಸಿಗೆ, ಮರದ ಸಾಮಾನು ಎಲ್ಲ ಸುಟ್ಟರು. ಸ್ಟ್ಯಾನ್ಲಿ ಈಮ್ ಬಿಡಲಿಲ್ಲ, 1670ರಲ್ಲಿ ಅಲ್ಲೇ ತೀರಿಕೊಂಡರು. ಚರ್ಚ್ ಅಂಗಳದಲ್ಲಿ ಅವರ ನೆನಪಿನ ಕಲ್ಲಿದೆ, ಹುಡುಕಿ ನೋಡಿ.

ಮಾಂಪೆಸನ್ 1669ರಲ್ಲಿ ನಾಟಿಂಗ್‌ಹ್ಯಾಮ್‌ಶೈರ್‌ನ ಈಕ್ರಿಂಗ್‌ಗೆ ಹೋದರು. ಪ್ಲೇಗಿನ ಊರಿನಿಂದ ಬಂದವರೆಂದು ಅಲ್ಲಿನ ಜನ ಹೆದರಿ ಹತ್ತಿರ ಸೇರಿಸಲಿಲ್ಲ. ಅಷ್ಟು ಹೊತ್ತಿಗೆ ಪ್ಲೇಗ್ ಮುಗಿದು ಎರಡು ವರ್ಷದ ಮೇಲಾಗಿತ್ತು. ಆದರೂ ಅವರು ಸ್ವಲ್ಪ ಕಾಲ ರಫರ್ಡ್ ಪಾರ್ಕ್‌ನ ಗುಡಿಸಲೊಂದರಲ್ಲಿ, ಊರಿನ ಹೊರಗೆ ಇರಬೇಕಾಯಿತು.